ಕಿಸೆಯಾಗ ಮುತ್ತು ಇದ್ದವು, ಹೆಸರು ಇರಲಿಲ್ಲ: ಕೆನಡಾದ ಆಲ್ಬರ್ಟ್ ಜಾನ್ಸನ್ ಕೇಸಿನ ಬಗ್ಗೆ ಗೊತ್ತಿದ್ದವರು ಹೇಳ್ರಿ

ಪ್ರಶ್ನೆ: ನಿವೃತ್ತ ಹೆಡ್ ಕಾನ್ಸ್‌ಟೇಬಲ್, ಕಲಬುರಗಿ

31 ವರ್ಷ ಖಾಕಿ ಹಾಕೊಂಡಾವ ನಾನು. ಬಹಳ ವರ್ಷ ವಾಡಿ, ಶಹಾಬಾದ್, ಚಿತ್ತಾಪುರ ಸುತ್ತಲೇ ಹೋಯ್ತು. ರೈಲು ಹಳಿ ಪಕ್ಕ ವಾರಸುದಾರರಿಲ್ಲದ ಹೆಣ ಸಿಕ್ಕರ ಪಂಚನಾಮೆ ಬರೆಯೋದು ನನ್ನ ಪಾಲಿಗೇ ಬರ್ತಿತ್ತು, ಅಕ್ಷರ ದುಂಡಗದಾವ ಅಂತ. ಈಗ ಮನ್ಯಾಗ ಕೂತು ಓದೋ ಹುಚ್ಚು ಹತ್ತ್ಯದ. ಮೊನ್ನೆ ಕೆನಡಾದ ಹಳೇ ಕೇಸೊಂದು ಓದಿದೆ, ಮೂರು ದಿನ ಆಯ್ತು, ತಲಿಯಿಂದ ಹೋಗವಲ್ದು.

1931ರ ಜುಲೈ 9ಕ್ಕ ಪೀಲ್ ನದಿ ಮ್ಯಾಲ ತೆಪ್ಪ ಹಾಕೊಂಡು ಒಬ್ಬ ಮನುಷ್ಯ ಫೋರ್ಟ್ ಮ್ಯಾಕ್‌ಫರ್ಸನ್ ಅನ್ನೋ ಸಣ್ಣ ಊರಿಗಿ ಬಂದ. ಕೈಯಾಗ ರೊಕ್ಕ ಇತ್ತು, ಬಾಯಾಗ ಮಾತಿರಲಿಲ್ಲ. ಎಡ್ಗರ್ ಮಿಲೆನ್ ಅನ್ನೋ ಕಾನ್ಸ್‌ಟೇಬಲ್ ವಿಚಾರಿಸಿದ. ಆಲ್ಬರ್ಟ್ ಜಾನ್ಸನ್ ಅಂತ ಹೆಸರಾಯ್ತು, ಮುಂದ ಏನೂ ಹೊರಬೀಳಲಿಲ್ಲ. ರ್‍ಯಾಟ್ ನದಿ ದಂಡಿಗಿ 8 ಅಡಿ 10 ಅಡಿ ಕಟ್ಟಿಗಿ ಗುಡಿಸಲು ಕಟ್ಕೊಂಡು ಕೂತ. ಡಿಸೆಂಬರ್‌ನಾಗ ಅಲ್ಲಿನ ಬೇಟೆಗಾರರು ದೂರು ಕೊಟ್ರು: ನಮ್ಮ ಬೋನುಗಳಿಗಿ ಯಾರೋ ಕೈ ಹಚ್ಯಾರ ಅಂತ.

ಇಬ್ಬರು ಪೊಲೀಸರು 60 ಮೈಲಿ ಹಿಮದಾಗ ಹೋಗಿ ಬಾಗಿಲು ಬಡಿದ್ರ ಈತ ತೆಗೀಲೇ ಇಲ್ಲ, ಕಿಟಕಿಗಿ ಗೋಣಿ ಮುಚ್ಚಿದ. ವಾರೆಂಟ್ ತಗೊಂಡು ಡಿಸೆಂಬರ್ 31ಕ್ಕ ಮತ್ತ ಬಂದಾಗ ಬಾಗಿಲ ಒಳಗಿಂದಲೇ ಗುಂಡು ಹೊಡೆದ. ಕಾನ್ಸ್‌ಟೇಬಲ್ ಕಿಂಗ್‌ಗ ತಗಲಿತು. ನಾಯಿ ಗಾಡಿ ಮ್ಯಾಲ ಸುಮಾರು 20 ತಾಸು ಎಳಕೊಂಡು ಹೋಗಿ ಉಳಿಸಿಕೊಂಡ್ರು. ಜನವರಿ 9ಕ್ಕ ಒಂಬತ್ತು ಜನ, 42 ನಾಯಿ, 20 ಪೌಂಡ್ ಡೈನಮೈಟ್. ಗುಡಿಸಲು ಹಾರಿಸಿದ್ರು. ಹೊಗಿ ಸರಿದು ನೋಡಿದ್ರ ಆತ ನೆಲದಾಗ ತೋಡಿದ ಕುಣಿಯಿಂದ ಗುಂಡು ಹಾರಿಸ್ಲಿಕತ್ತಿದ್ದ! 15 ತಾಸು, ಮೈನಸ್ 40 ಡಿಗ್ರಿ, ಆದ್ರೂ ಕೈಗಿ ಸಿಗಲಿಲ್ಲ. ನಾವು ಮೇ ತಿಂಗಳಾಗ 44 ಕಂಡವರು, ಅಂಥಾ ಥಂಡಿ ನನ್ನ ಊಹೆಗೂ ಬರಂಗಿಲ್ಲ.

ಜನವರಿ 30ಕ್ಕ ಜಾನ್ಸನ್ ಗುಂಡಿಗಿ ಮಿಲೆನ್ ಸತ್ತ. ಜುಲೈನಾಗ ಆತನ ಹೆಸರು ಕೇಳಿದಾತನೇ. ಆಮ್ಯಾಲ ಜಾನ್ಸನ್ ಒಬ್ಬನೇ ಬಿರುಗಾಳಿಯಾಗ ರಿಚರ್ಡ್‌ಸನ್ ಬೆಟ್ಟ ದಾಟಿ ಯೂಕಾನ್‌ಗಿ ಇಳಿದ. 1932ರ ಫೆಬ್ರವರಿ 17ಕ್ಕ ಈಗಲ್ ನದಿಯ ಹಿಮದ ಮ್ಯಾಲ ಬೆನ್ನಟ್ಟಿದವರ ಗುಂಡಿಗಿ ಸತ್ತ. ಇಷ್ಟು ದಿನದ ಬೆನ್ನಟ್ಟುವಿಕೆಯಾಗ ಆತನ ಬಾಯಿಂದ ಒಂದು ಮಾತು ಯಾರೂ ಕೇಳಿಲ್ಲ.

ನಾನು ನಿಂತಿದ್ದು ಆತನ ಕಿಸೆ ಹಂತ್ಯಾಕ. 2000 ಡಾಲರ್‌ಗೂ ಮಿಕ್ಕಿ ನಗದು. ಸಣ್ಣ ಮುತ್ತುಗಳು. ಬಂಗಾರದ ಹಲ್ಲು. ದಿಕ್ಸೂಚಿ, ಗಾಳ, ಮೊಳೆ, ಸತ್ತ ಅಳಿಲು, ಒಂದು ಹಕ್ಕಿ. ಗುರುತಿನ ಚೀಟಿ ಒಂದೂ ಇಲ್ಲ. ಓದಿದಾಗ ನಾನೇ ಬರೆದ ಪಂಚನಾಮೆ ಇದ್ದಂಗ ಅನಿಸ್ತು. ವಾಡಿ ಹಂತ್ಯಾಕ ಸಿಕ್ಕ ಒಬ್ಬಾತನ ಧೋತರದ ಗಂಟಿನಾಗ ಅರ್ಧ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ದಾರ ಕಟ್ಟಿದ ಒಂದು ಕೀಲಿಕೈ ಇತ್ತು. ಅದು ಯಾವ ಬಾಗಿಲದ್ದು ಅಂತ ಇವತ್ತಿಗೂ ಯೋಚನೆ ಬರ್ತದ.

ನನ್ನ ಪ್ರಶ್ನೆ ಎರಡು. ಅಷ್ಟು ಮಂದಿ ಬೆನ್ನು ಹತ್ತಿದ್ರೂ ಆತ ಹೆಜ್ಜೆ ಹೆಂಗ ಮುಚ್ಚಿದ? ಆತ ಯಾರು ಅಂತ ಮುಂದ ಪತ್ತೆ ಆಯ್ತೇನು?

ಉತ್ತರ: ಕುರಿ ಮನೆತನದಾವ, ಗುರುಮಠಕಲ್

ಕಾಕಾ, ಮೊದಲನೇದಕ್ಕ ನಾನು ಹೇಳ್ತೀನಿ. ಆ ಕಡಿ ಕ್ಯಾರಿಬೂ ಅಂತ ಜಿಂಕಿ ಜಾತಿ ಪ್ರಾಣಿ ಅದ, ಹಿಂಡು ಹಿಂಡಾಗಿ ಹೋಗ್ತಾವ. ಜಾನ್ಸನ್ ಹಿಮದ ಬೂಟು ಕಳಚಿ ಅವು ತುಳಿದ ಹಾದಿ ಮ್ಯಾಲೇ ನಡೆದ. ಐದುನೂರು ಕುರಿ ಹಾದು ಹೋದ ಮ್ಯಾಲ ನಡುವ ಒಬ್ಬ ಮನುಷ್ಯ ನಡೆದಿದ್ರ ನಮ್ಮ ಅಪ್ಪಗೂ ಹೆಜ್ಜಿ ಸಿಗ್ತಿರಲಿಲ್ಲ. ಆದ್ರ ರಾತ್ರಿ ಮಲಗಾಕ ಹಾದಿ ಬಿಟ್ಟು ಹೊರಗ ಬರಲೇಬೇಕಲ್ಲ. ನಮ್ಮ ಎರಿ ಹೊಲದಾಗ ಮಳಿ ಆದಮ್ಯಾಲ ಹಿಂಡಿನಿಂದ ತಪ್ಪಿ ಹೋದ ಒಂದು ಕುರಿ ಹೆಜ್ಜಿ ಹೆಂಗ ಎದ್ದು ಕಾಣ್ತದೋ, ಹಂಗ. ಫೆಬ್ರವರಿ 13ಕ್ಕ ಮ್ಯಾಲಿಂದ ವಿಮಾನದಾವ ಅದನ್ನೇ ನೋಡಿದ, ಕ್ಯಾರಿಬೂ ಹಾದಿಯಿಂದ ದಂಡಿಗಿ ಹೊರಟ ಒಂಟಿ ಸಾಲು. ಹಸಿವಿನ ಮಾತು ಬೇರೆ. ಬಂದೂಕಿನ ಸಪ್ಪಳ ಕೇಳ್ತದ ಅಂತ ದೊಡ್ಡ ಬೇಟಿ ಆಡಂಗಿಲ್ಲ, ಉರುಲು ಹಾಕಿ ಅಳಿಲು ಹಿಡೀಬೇಕು. ಕಿಸೆಯಾಗಿನ ಅಳಿಲು ಅದೇ ಆತನ ಊಟ.

ಉತ್ತರ: ಭೂಗೋಳ ಶಿಕ್ಷಕಿ, ಬೀದರ್

ವಿಮಾನದವರು ವಿಲ್ಫ್ರಿಡ್ ಮೇ. ಮೊದಲ ಮಹಾಯುದ್ಧದ ಪೈಲಟ್. ಕೆನಡಾ ಪೊಲೀಸರು ಅಪರಾಧಿಯೊಬ್ಬನ ಬೆನ್ನಟ್ಟಲು ವಿಮಾನ ಬಳಸಿದ್ದು ಅದೇ ಮೊದಲು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಹೆಜ್ಜೆ ಹುಡುಕುವುದಕ್ಕಿಂತ ಮುಖ್ಯವಾಗಿ ಅದು ಊಟ ಸಾಗಿಸಿತು. ಅಲ್ಲಿಯವರೆಗೆ ಪೊಲೀಸರು ಸೋತದ್ದು ಜಾನ್ಸನ್‌ನ ಗುಂಡಿಗಷ್ಟೇ ಅಲ್ಲ, ನಾಯಿಗಳ ಹೊಟ್ಟೆಗೂ. 42 ನಾಯಿಗಳಿಗೆ ಆ ಚಳಿಯಲ್ಲಿ ದಿನಾ ಮೇವು ಎಲ್ಲಿಂದ ತರುತ್ತೀರಿ? ಅದು ತೀರಿದರೆ ಪೊಲೀಸ್ ಠಾಣೆಯಿದ್ದ ಅಕ್ಲಾವಿಕ್ ಊರಿಗೆ ವಾಪಸು ಹೋಗಲೇಬೇಕು. ಕೊನೆಯ ದಿನ ಹರ್ಸೀ ಎಂಬ ಸೈನ್ಯದ ರೇಡಿಯೊ ಸಾರ್ಜೆಂಟ್‌ಗೆ ಗುಂಡು ಬಿದ್ದಾಗ, ಮೇ ಅವನನ್ನು ವಿಮಾನದಲ್ಲಿ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದರು.

ಒಂದು ಮಾತು ನನಗೆ ಸಂಕಟ ತರುತ್ತದೆ. ಪೊಲೀಸರ ಮುಂದೆ ಹಾದಿ ತೋರಿಸುತ್ತಾ ನಡೆದವರಲ್ಲಿ ಗ್ವಿಚಿನ್ ಬುಡಕಟ್ಟಿನವರಿದ್ದರು. ಲಾಜರಸ್ ಸಿಟ್ಟಿಚಿನ್ಲಿಯಂಥವರು ಮೊದಲ ಗುಂಡಿನ ದಿನವೂ ಆ ಬಾಗಿಲ ಹತ್ತಿರವಿದ್ದರು. ಕಥೆ ಹೇಳುವಾಗ ವಿಮಾನ ಬರುತ್ತದೆ, ರೇಡಿಯೊ ಬರುತ್ತದೆ, ಇವರ ಹೆಸರು ಕೊನೆಗೂ ಬರುವುದಿಲ್ಲ. ಬೋನಿನ ದೂರು ಕೊಟ್ಟವರೂ ಆ ನೆಲದವರೇ, ಅವರ ಹೊಟ್ಟೆಪಾಡು ಅದು. ಆ ದೂರು ನಿಜವೋ ಸುಳ್ಳೋ ಎಂಬ ವಿಚಾರಣೆ ಮಾತ್ರ ಎಂದೂ ನಡೆಯಲಿಲ್ಲ.

ಉತ್ತರ: ಫೊರೆನ್ಸಿಕ್ ಓದಿದವಳು, ಕಲಬುರಗಿ

ಸರ್, ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದೆ. ಅಕ್ಲಾವಿಕ್‌ನಲ್ಲಿದ್ದ ಗೋರಿಯನ್ನು 2007ರ ಆಗಸ್ಟ್‌ನಲ್ಲಿ ತೆರೆದರು. ಹಲ್ಲಿನ ಹೊರಪದರ ಬಾಲ್ಯದಲ್ಲೇ ಕಟ್ಟಿಕೊಳ್ಳುತ್ತದೆ, ಆಮೇಲೆ ಬದಲಾಗುವುದಿಲ್ಲ. ಆಗ ಕುಡಿದ ನೀರು, ತಿಂದ ಕಾಳಿನ ಗುರುತು ಅದರಲ್ಲಿ ಉಳಿದಿರುತ್ತದೆ. ಅದನ್ನು ನೋಡಿ ಆತ ಬೆಳೆದದ್ದು ಕೆನಡಾದಲ್ಲಲ್ಲ, ಅಮೆರಿಕದ ಮಧ್ಯ ಭಾಗದಲ್ಲೋ ಸ್ಕ್ಯಾಂಡಿನೇವಿಯಾದಲ್ಲೋ ಇರಬೇಕು ಎಂದರು. ವಯಸ್ಸು ಮೂವತ್ತರ ಆಚೆ. ನಮ್ಮ ಮನೆಯವನೇ ಎಂದು ಮುಂದೆ ಬಂದ ಕುಟುಂಬಗಳ ಡಿಎನ್ಎ ಹೋಲಿಸಿದರು, ಒಂದೂ ಹೊಂದಲಿಲ್ಲ. ಆಮೇಲೆ ವಂಶಾವಳಿ ಹಿಡಿದು ಹುಡುಕಿದಾಗ ಆತನ ಪೂರ್ವಜರ ಎಳೆ ಸ್ವೀಡನ್‌ಗೆ ಹೋಯಿತು.

ಆ ಕೀಲಿಕೈ ಏನಾಯಿತು ಸರ್?

ಪ್ರಶ್ನೆ ಕೇಳಿದವರು:

ಎಲ್ಲರೂ ತಿಳಿಸಿ ಹೇಳಿದ್ರಿ, ಮನಸು ಹಗುರಾಯ್ತು. ಟೀಚರಮ್ಮ, ಸಿಟ್ಟಿಚಿನ್ಲಿ ಹೆಸರು ಡೈರಿಯಾಗ ಬರಕೊಂಡೀನಿ. ಇಲಾಖೆಯಾಗ ಹಾದಿ ತೋರಿಸಿದಾವ ಯಾವಾಗಲೂ ಪಂಚರ ಸಾಲಿನಾಗ ಉಳಿದುಬಿಡ್ತಾನ, ಅದು ನನಗೂ ಗೊತ್ತದ. ಸ್ವೀಡನ್ ಅಂದ್ರಲ್ಲ ತಂಗಿ, ಅಲ್ಲಿ ಯಾವುದೋ ಮನಿಯಾಗ ಒಬ್ಬ ತಾಯಿ 1932ರ ನಂತರನೂ ಕಾಗದಕ್ಕ ಕಾದಿರಬಹುದು. ನನಗ ಅದೇ ಹತ್ತ್ಯದ.

ಕೀಲಿಕೈ ಹಿತ್ತಾಳೆದು. ಒಂದು ಹಲ್ಲು ಸವೆದಿತ್ತು, ದಿನಾ ತೆಗೆಯೋ ಬಾಗಿಲದ್ದು. ಫೋಟೊ ಹಿಡಕೊಂಡು ನಾಲವಾರ, ಸೇಡಂ, ತಾಂಡೂರು ತನಕ ಹೋಗಿದ್ದೆ, ಯಾರೂ ಗುರುತು ಹಿಡೀಲಿಲ್ಲ. ನನಗ ವರ್ಗ ಆದಾಗ ಅದು ಮುದ್ದೆಮಾಲು ಕೋಣಿಯಾಗೇ ಇತ್ತು, ಕೆಂಪು ದಾರದ ಸಮೇತ, ಚೀಟಿ ಮ್ಯಾಲ ನನ್ನ ಅಕ್ಷರ.