ಸೀನಿಯರ್ ವಕೀಲ್ರ ಕುಡಿತ ಬಿಡಸೂದು ಹ್ಯಾಂಗ? ಅನುಭವ ಇದ್ದವ್ರು ಹೇಳ್ರಿ

ಬೆಳಗಾವಿ ಜೂನಿಯರ್: ನಮಸ್ಕಾರ್ರೀ. ನಮ್ಮ ಸೀನಿಯರ್ ಸಿವಿಲ್ ಕೇಸಿನ್ಯಾಗ ಭಾಳ ಹೆಸರು ಮಾಡಿದವ್ರು. ಈಗ ಮುಂಜಾನೆ ವಕಾಲತ್ತಿಗೆ ಸಹಿ ಮಾಡಾಕ ಕೈ ನಡಗತಾವ, ಒಂದು ಪೆಗ್ ಒಳಗ ಹ್ವಾದ ಮ್ಯಾಲೇ ಕೋಟು ಹಾಕ್ಕೋತಾರ. ಮೊನ್ನೆ ಪ್ರತಿವಾದಿ ಪರ ಹಾಜರಾಗದಽ ಒಂದು ದಾವಾ ಎಕ್ಸ್‌ಪಾರ್ಟೆ ಡಿಕ್ರಿ (ನಮ್ಮ ಕಡೆ ಯಾರೂ ಇಲ್ಲದಽ ಏಕಪಕ್ಷೀಯ ತೀರ್ಪು) ಆತು. ಅದನ್ನ ರದ್ದು ಮಾಡ್ರಿ ಅಂತ ಆರ್ಡರ್ 9 ರೂಲ್ 13 ಅರ್ಜಿ ನಾನಽ ಬರದು 30 ದಿನದೊಳಗ ಹಾಕೇನಿ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ಲೋ, ಖಾಸಗಿ ಸೆಂಟರ್‌ಗೋ? ಬಾರ್ ಅಸೋಸಿಯೇಷನ್ನಿನ್ಯಾಗ ಗೊತ್ತಾಗಬಾರ್ದು. ಸನದಿಗೆ (ವಕೀಲಿ ಲೈಸೆನ್ಸಿಗೆ) ತ್ರಾಸ ಆಗತೈತೇನ್ರಿ?

ನವನಗರ ವಕೀಲ, ಬಾಗಲಕೋಟಿ: ತಮ್ಮಾ, ಖಾಸಗಿ ಸೆಂಟರಿನ ಮಾತು ತಗೀಬ್ಯಾಡ. ನನ್ನನ್ನ ನಮ್ಮ ಮಾವಾರು ಒಂದರಾಗ ಹಾಕಿದ್ರು. ತಿಂಗಳಿಗೆ 18,000 ಅಂದ್ರು. ಬಿಡೂ ದಿನ ಬಿಲ್ ನೋಡಿದ್ರ ಕೌನ್ಸೆಲಿಂಗ್ 4,500 ಬ್ಯಾರೆ, ರಕ್ತ ತಪಾಸಣಿ 3,200 ಬ್ಯಾರೆ, ಹಾಸಿಗಿ ತೊಳ್ಯಾಕ 900! ಕೌನ್ಸೆಲಿಂಗ್ ಮಾಡಾಂವ ಯಾರು? ಹಿಂದ ಅಲ್ಲೇ ಪೇಷೆಂಟ್ ಇದ್ದಾಂವ. ಡಾಕ್ಟರ್ ಮಾರಿ ವಾರಕ್ಕೊಮ್ಮೆ ಕಾಣಿಸ್ತು. ಹೊರಗ ಬಂದಾಂವ ಮನಿ ಮುಟ್ಟೂದ್ರೊಳಗ ಬಸ್‌ಸ್ಟ್ಯಾಂಡಿನ ಎದುರು ಕುಂತು ಮತ್ತ ಏರಿಸಿದ್ದೆ. ಆಮ್ಯಾಲೆ ಧಾರವಾಡದ ಡಿಮ್ಹಾನ್ಸ್. ಅಲ್ಲಿ ನಡುಕ ಇಳಿಸೂ ಲಿಬ್ರಿಯಂ ಗುಳಗಿ ಕೊಟ್ಟು ದಿನಾ ಡೋಸ್ ಇಳಿಸಿಕೋತ ಬಂದ್ರು, ಬಿ1 ಇಂಜೆಕ್ಷನ್ ಹಾಕಿದ್ರು. ದಿನಾ ಕುಡಿಯಾಂವಗ ಒಮ್ಮಿಂದೊಮ್ಮೆಲೆ ಬಿಡಿಸಿದ್ರ ಎರಡು-ಮೂರನೇ ದಿನಕ್ಕ ಭ್ರಾಂತಿ ಹತ್ತತೈತಿ, ಫಿಟ್ಸ್ ಬರ್ತಾವ, ಜೀವಾನೂ ಹೋಗತೈತಿ. ಗುಟ್ಟಿನ ಮಾತಂದ್ರ, ಒಪಿಡಿಯಾಗ ನನ್ನ ಮುಂದಽ ಎದುರು ಪಾರ್ಟಿ ವಕೀಲ ಚೀಟಿ ಹಿಡಕೊಂಡು ನಿಂತಿದ್ದ. ಇಬ್ರೂ ಮಾತಾಡಲಿಲ್ಲ. ಆ ಕೇಸು ರಾಜಿ ಆತು.

ವಿಜಯಪುರ, ವಕೀಲ್ರ ಮನಿಯಾಕಿ: ನೀವಾಗಿಯೇ ಹ್ವಾದ್ರಿ, ಪುಣ್ಯವಂತರು. ನಮ್ಮವ್ರು ‘ನಾ ಏನ್ ಕುಡುಕೇನು?’ ಅಂತ ಗಂಗಾಳ ಒಗೀತಿದ್ರು. ನಾ ಡೈಸಲ್ಫಿರಾಮ್ (ಮ್ಯಾಲೆ ಕುಡಿದ್ರ ಮೈಗೆ ತ್ರಾಸ ಕೊಡೂ) ಗುಳಗಿ ಪುಡಿ ಮಾಡಿ ಸಾರಿನ್ಯಾಗ ಹಾಕೀನಿ. ಯಾರನ್ನೂ ಕೇಳಿಲ್ಲ. ಒಂದಿನ ಬಾರ್ ರೂಮಿನ ಸೆಂಡ್‌ಆಫ್ ಪಾರ್ಟಿಯೊಳಗ ಕುಡದು ಬಂದ್ರು. ಮಾರಿ ಕೆಂಪಗ, ಎದಿ ಹೊಡಕೊಳ್ಳಿಕತ್ತು, ವಾಂತಿ ನಿಲ್ಲವಲ್ದು. ಐಸಿಯು ಬಿಲ್ 61,400. ಕುಡಿದ ಕೇಸು ಅಂತ ವಿಮಾದವ್ರು ಕ್ಲೇಮ್ ವಾಪಸ್ ಕಳಿಸಿದ್ರು, ಕೈಯಾನ ಬಿಲ್ವಾರ ಬಳಿ ಒತ್ತಿ ಇಟ್ಟು ಕಟ್ಟೀನಿ. ಆದ್ರ ಅವತ್ತಿನಿಂದ ಮುಟ್ಟಿಲ್ಲ ನೋಡ್ರಿ.

ಖಾನಾಪುರ ರೋಡ್: ಅಕ್ಕಾರ, ಇದನ್ನ ನಾಕು ಮಂದಿ ಓದಿ ಮನ್ಯಾಗ ಮಾಡ್ತಾರ! ಹೇಳದಽ ಆ ಗುಳಗಿ ಹಾಕೂದು ಅಂದ್ರ ವಿಷ ಹಾಕಿಧಂಗ. ಹಾರ್ಟ್, ಲಿವರ್ ಸರಿ ಇಲ್ಲಂದ್ರ ಹೆಣಾನಽ ಬೀಳತೈತಿ. ಕುಡಿಯಾಂವನ ಒಪ್ಪಿಗಿ ಇಲ್ಲದಽ ಯಾವ ಡಾಕ್ಟರೂ ಬರದು ಕೊಡಬಾರ್ದು. ಕುಡಿತದ ರೋಗಾನೂ 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗ ಬರತೈತಿ. ವಿಮಾದವ್ರ ಜೋಡಿ ಮಾನಸಿಕ ರೋಗಕ್ಕೂ ಮೈ ರೋಗದಂಗ ವಿಮಾ ಕೊಡಬೇಕನ್ನೂ ಸೆಕ್ಷನ್ 21(4) ಹಿಡಿದು ಜಗಳಾಡಬೇಕಿತ್ತು. ನಂದು ಆಲ್ಪ್ರಜೋಲಾಮ್ ಅನ್ನೂ ಅಂಜಿಕಿ-ನಿದ್ದಿ ಗುಳಗಿ ಚಟ, ಸೆರೆ ಅಲ್ಲ. ಹೈಕೋರ್ಟಿನ ಧಾರವಾಡ ಬೆಂಚಿನ ಅರ್ಗ್ಯುಮೆಂಟ್ ಅಂದ್ರ ಹಿಂದಿನ ರಾತ್ರಿ ನಿದ್ದಿ ಹಾರ್ತಿತ್ತು. ಅರ್ಧ ಗುಳಗಿಯಿಂದ ಚಾಲೂ ಆಗಿ ಪಟ್ಟಿಗಟ್ಲೆ ಆತು. ಮೆಡಿಕಲ್ ಅಂಗಡ್ಯಾಂವಗ ವಕೀಲ್ರು ಅಂದ್ರ ಚೀಟೀನೂ ಬ್ಯಾಡ. ಅಮೆರಿಕಾದ ವಕೀಲ್ರ ಮ್ಯಾಲೆ 2016ರಾಗ ಒಂದು ಅಧ್ಯಯನ ಬಂತು, ಐವರಾಗ ಒಬ್ಬಾಂವಗ ಕುಡಿತದ ತ್ರಾಸ ಅಂತ. ನಮ್ಮಲ್ಲಿ ಎಣಸಾಕ ಯಾರ ತಯಾರದಾರ?

ವಿಜಯಪುರ, ವಕೀಲ್ರ ಮನಿಯಾಕಿ: ಸೆಕ್ಷನ್ ಹೇಳೂದು ಹಗುರ ಅದ. ನಿಮ್ಮ 21(4) ರಾತ್ರಿ ಎರಡಕ್ಕ ಬಂದು ವಾಂತಿ ಬಳೀತದೇನು? ನೀವು ಗುಳಗಿ ನುಂಗಿ ಮಲಗೂ ಮುಂದ ನಿಮ್ಮ ಮನಿಯವ್ರು ಏನ್ ಮಾಡ್ತಿದ್ರು, ಅದನ್ನ ಬರೀರಿ ಮೊದಲ.

ಖಾನಾಪುರ ರೋಡ್: ನನ್ನ ಮನಿ ವಿಷಯ ನಿಮಗ ಬ್ಯಾಡ.

ಹುನಗುಂದದ ಹಿರಿಯಾರು: ಅಷ್ಟೆಲ್ಲಾ ರೊಕ್ಕ ಯಾಕ್ರೀ? ಇಳಕಲ್ಲ ಮಠದ ಮಹಾಂತ ಅಪ್ಪಗಳು ಚಟಾನ ಭಿಕ್ಷಾ ಬೇಡೂ ಜೋಳಗಿ ಹಿಡಕೊಂಡು ನಮ್ಮೂರಿಗೆ ಬಂದಾಗ ಬಾಟ್ಲಿ ಅದರಾಗ ಹಾಕಿ ಕಾಲಿಗೆ ಬಿದ್ದೆ. ಖರ್ಚು ಒಂದು ತೆಂಗಿನಕಾಯಿ. ಅಪ್ಪಗಳು 2018ರಾಗ ಲಿಂಗೈಕ್ಯ ಆದ್ರು. ಅವ್ರು ಹುಟ್ಟಿದ ಆಗಸ್ಟ್ 1ನ್ನ ಸರ್ಕಾರನಽ ವ್ಯಸನಮುಕ್ತ ದಿನ ಅಂತ ಮಾಡತೈತಿ. ಇವತ್ತಿನ ವಕೀಲ್ರಿಗೆ ಭಕ್ತಿ ಇಲ್ಲ, ಬರೇ ಗುಳಗಿ.

ನವನಗರ ವಕೀಲ, ಬಾಗಲಕೋಟಿ: ಅಪ್ಪಗಳ ಬಗ್ಗೆ ಎರಡು ಮಾತಿಲ್ಲ. ಆದ್ರ ಕಾಕಾ, ನಿಮ್ಮ ಗುಟಕಾ ಯಾವ ಜೋಳಗ್ಯಾಗ ಹಾಕಿದ್ರಿ? ಕೋರ್ಟಿನ ಮೆಟ್ಟಲ ಮೂಲಿ ಇನ್ನೂ ಕೆಂಪಗ ಐತಿ.

ಬೆಳಗಾವಿ ಜೂನಿಯರ್: ಅಣ್ಣಾರ, ಅಕ್ಕಾರ, ಜಗಳ ಆಮ್ಯಾಲೆ ಮಾಡ್ರಿ. ಸನದಿಂದು?

ಖಾನಾಪುರ ರೋಡ್: ಇಲಾಜು ತಗೊಂಡ್ರ ಸನದು ಹೋಗಂಗಿಲ್ಲ. ಮುದ್ದತು ತಪ್ಪಿಸಿ ಪಾರ್ಟಿನ (ಕಕ್ಷಿದಾರನ್ನ) ಮುಣಗಿಸಿದ್ರ, ಆ ಪಾರ್ಟಿ ಬಾರ್ ಕೌನ್ಸಿಲ್‌ಗೆ ಹ್ವಾದ್ರ, 1961ರ ವಕೀಲ್ರ ಕಾಯ್ದೆಯ ದುರ್ನಡತಿಗೆ ಶಿಕ್ಷಾ ಕೊಡೂ ಸೆಕ್ಷನ್ 35 ಬರತೈತಿ. ಮೊದಲ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕ ಫೋನ್ ಮಾಡು, ಪುಕ್ಕಟೆ ಐತಿ, ಹೆಸರು ಹೇಳಬೇಕಂತಿಲ್ಲ.

ಹುನಗುಂದದ ಹಿರಿಯಾರು: ನವನಗರದವ್ರಽ, ನಾ ಗುಟಕಾ ತಿನ್ನಂಗಿಲ್ಲ. ರಾಜ್ಯದಾಗ 2013ರಾಗಽ ಬಂದ್ ಆಗೇತಿ.

ನವನಗರ ವಕೀಲ, ಬಾಗಲಕೋಟಿ: ಬಂದ್ ಆಗೇತಿ ಖರೆ. ಮಸಾಲಾ ಒಂದು ಪಾಕೀಟು, ತಂಬಾಕು ಒಂದು ಪಾಕೀಟು ತಗೊಂಡು ನೀವಽ ಕಲಸ್ಕೋತೀರಿ.

ಹುನಗುಂದದ ಹಿರಿಯಾರು: ಬ್ಯಾರೆ ಬ್ಯಾರೆ ತಗೊಂಡ್ರ ಅದು ಗುಟಕಾ ಹ್ಯಾಂಗ ಆಗತೈತಿ? ಕಾಯ್ದೆ ತೋರಸ್ರಿ.