ಸಹಾಯ ಬೇಕು: ಕಾಲೇಜು ಮಾರ್ಕ್ಸ್ ಕಾರ್ಡ್ ಕೊಡುತ್ತಿಲ್ಲ, ತುಮಕೂರು ಕಡೆ ವಕೀಲರು ಗೊತ್ತಾ?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಬಿಎ ಸೇರಿದ್ದಳು. ಭಾವನಿಗೆ ಹುಷಾರು ತಪ್ಪಿ, ಮೊದಲ ವರ್ಷಕ್ಕೇ ಬಿಡಬೇಕಾಯಿತು. ಈಗ ಊರ ಹತ್ತಿರದ ಸರ್ಕಾರಿ ಕಾಲೇಜಿಗೆ ಸೇರಬೇಕು. ಆದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಯಾವುದನ್ನೂ ಕೊಡುತ್ತಿಲ್ಲ. ಉಳಿದ ವರ್ಷಗಳ ಫೀಸೂ ಕಟ್ಟಿ, ಆಮೇಲೆ ಬನ್ನಿ ಅಂತಾರೆ. ಅದೂ ಬಾಯಿ ಮಾತಲ್ಲೇ, ಬರೆದು ಕೊಡಲ್ಲ. ಅಕ್ಕ ಕೊಟ್ಟ ಅರ್ಜಿಗೆ ಸೀಲ್ ಕೂಡ ಹಾಕಲಿಲ್ಲ. ಅದಕ್ಕೇ ಸ್ಪೀಡ್ ಪೋಸ್ಟಲ್ಲಿ ಕಳಿಸಿದ್ದೇವೆ, ರಸೀದಿ ಇದೆ.

ಒರಿಜಿನಲ್ ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ, ಕಾಲೇಜುಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ) 2018ರಲ್ಲೇ ಹೇಳಿದೆ. ಓದೋ ಹುಡುಗಿಯ ಮಾರ್ಕ್ಸ್ ಕಾರ್ಡನ್ನು ಒತ್ತೆ ಇಟ್ಟುಕೊಳ್ಳೋದು ಅನ್ಯಾಯ ಅಲ್ವಾ?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಹಾಕುತ್ತಿದ್ದೇವೆ. ಅಲ್ಲಿಂದ ವಕೀಲರನ್ನು ಪಡೆದವರು ಇದ್ದರೆ, ಎಷ್ಟು ದಿನ ಹಿಡಿಯಿತು ಹೇಳಿ. ಲೀಗಲ್ ನೋಟಿಸ್ ಸಾಕಾ, ದಾಖಲೆ ಕೊಡಲು ಆದೇಶ ಮಾಡಿ ಅಂತ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಲೇಬೇಕಾ? ಇಂಥ ಕೇಸು ನಡೆಸಿದ ವಕೀಲರು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಅಡ್ಮಿಷನ್ ಮುಗಿಯುತ್ತಾ ಬಂತು.