ಕಾಪಿರೈಟರ್‌ಗೆ ಕನ್ನಡದಲ್ಲಿ ಏನಂತೀರಿ? ಶುಕ್ರವಾರದೊಳಗೆ ಬೇಕು

ಹೊಸ ಸದಸ್ಯೆ, ಶಿವಮೊಗ್ಗ:

ಈ ಪದಚರ್ಚೆ ಗುಂಪಿನ ಎಲ್ಲರಿಗೂ ನಮಸ್ಕಾರ. ಮೂರು ವರ್ಷ ಇಲ್ಲೇ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ಫ್ಲೆಕ್ಸು ಟೈಪ್ ಮಾಡಿದೆ. ಮಾಡ್ತಾ ಮಾಡ್ತಾ ಗಿರಾಕಿಗಳ ವಾಕ್ಯ ತಿದ್ದುವುದು ರೂಢಿಯಾಯಿತು. ಆಮೇಲೆ ಅವರೇ "ನೀವೇ ಬರೆದುಬಿಡಿ ಮೇಡಂ" ಅನ್ನತೊಡಗಿದರು. ಸಂಬಳ ಮಾತ್ರ ಟೈಪಿಂಗ್‌ನದ್ದೇ. ಅದಕ್ಕೇ ಈಗ ಜಾಹೀರಾತು, ಲೇಬಲ್ಲಿನ ಮಾತು ಬರೆದುಕೊಡುವ ಕೆಲಸ ಸ್ವಂತ ಶುರು ಮಾಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದನ್ನು ಮಾಡುವವರು ಕಾಪಿರೈಟರ್.

ಮನೆ ಮುಂದಿನ ಸಣ್ಣ ಬೋರ್ಡಿಗೂ ವಿಸಿಟಿಂಗ್ ಕಾರ್ಡಿಗೂ ಏನಂತ ಹಾಕಲಿ? ಸುಮ್ನೆ "ಕಾಪಿರೈಟರ್" ಅಂತ ಹಾಕಿ ಹತ್ತು ಕಾರ್ಡು ಪ್ರಿಂಟ್ ತೆಗೆದೆ. ಮೊದಲ ಕಾರ್ಡು ತಗೊಂಡವರು "ನಮ್ಮ ಹುಡುಗ ಹಾಡು ಬರೀತಾನೆ, ಅವನಿಗೆ ಕಾಪಿರೈಟ್ ಮಾಡಿಸಿಕೊಡಿ" ಅಂದರು. ಇಂಗ್ಲಿಷಿನಲ್ಲಿ ಬರೆಯುವ ರೈಟಿನ ಸ್ಪೆಲ್ಲಿಂಗ್ ಬೇರೆ, ಹಕ್ಕಿನ ರೈಟಿನದು ಬೇರೆ. ಕನ್ನಡ ಅಕ್ಷರದಲ್ಲಿ ಎರಡೂ ಒಂದೇ ಆಗಿ ಕೂತುಬಿಡುತ್ತವೆ. ಎರಡನೆಯವರು ಕೊಪ್ಪದ ಕಡೆಯವರು. "ಕಾಪಿ ರೈಟರ್ರಾ? ಯಾವ ಎಸ್ಟೇಟಲ್ಲಿ?" ಅಂದರು. ಆಳಿನ ಹಾಜರಿ, ಬಟವಾಡೆ ಬರೆಯುವ ತೋಟದ ರೈಟರು ಅಂದುಕೊಂಡರು. ಕಾಫಿ ನಮ್ಮ ಕಡೆ ಬಾಯಲ್ಲಿ ಕಾಪಿಯೇ ಅಲ್ವಾ, ಅವರ ತಪ್ಪಿಲ್ಲ. ಇನ್ನು ನನ್ನ ತಮ್ಮ, "ಪರೀಕ್ಷೇಲಿ ಕಾಪಿ ಹೊಡೆಯೋಳು ಅನ್ಕೋತಾರೆ ಅಕ್ಕಾ" ಅಂದ. ಉಳಿದ ಎಂಟು ಕಾರ್ಡು ಡ್ರಾಯರ್‌ನಲ್ಲಿವೆ.

ಬೋರ್ಡ್ ಬರೆಯುವವರು ಶುಕ್ರವಾರ ಬರುತ್ತಾರೆ. ಅಗಲ ಒಂದೂವರೆ ಅಡಿ. ಉದ್ದ ಪದ ಹಿಡಿಸುವುದಿಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:

ಒಕ್ಕಣೆಗಾರ್ತಿ. ಇದರಲ್ಲಿ ಚರ್ಚೆಗೆ ಏನಿದೆ? ಕಾಗದದ ಒಕ್ಕಣೆ, ಆಹ್ವಾನದ ಒಕ್ಕಣೆ ಎಂದು ನಮ್ಮ ಹಿರಿಯರು ದಿನಾ ಹೇಳುತ್ತಿದ್ದರು. ಯಾರಿಗೆ ಯಾವ ಮಾತು ಹೇಗೆ ಜೋಡಿಸಿ ಹೇಳಬೇಕೋ ಹಾಗೆ ಬರೆದದ್ದು ಒಕ್ಕಣೆ. ನಿಮ್ಮ ಕೆಲಸ ಇದೇ. ಪದ ಬಂದದ್ದು ಒಕ್ಕು ಎಂಬ ಧಾತುವಿನಿಂದ. ಕಣದಲ್ಲಿ ಭತ್ತ ಒಕ್ಕಿದ ಹಾಗೆ ಮಾತನ್ನು ಒಕ್ಕಿ, ಜೊಳ್ಳು ತೆಗೆದು, ಕಾಳು ಕೊಡುವುದು. ಅಚ್ಚಗನ್ನಡ. ಬರೆಸಿ.

ಗದ್ದೆ ಬದಿಯವ, ಸೊರಬ:

ಮೇಷ್ಟ್ರೇ, ಒಕ್ಕಿದರೆ ಜೊಳ್ಳು ಹೋಗುವುದಿಲ್ಲ. ಹುಲ್ಲು ಬೇರೆಯಾಗುತ್ತದೆ ಅಷ್ಟೆ. ಜೊಳ್ಳು ಹೋಗಬೇಕಾದರೆ ಗಾಳಿಗೆ ತೂರಬೇಕು. ಆ ಲೆಕ್ಕದಲ್ಲಿ ತಂಗಿ "ತೂರುಗಾರ್ತಿ" ಆಗಬೇಕು.

ಹಳಗನ್ನಡ ಓದುವವ, ಮೈಸೂರು:

ಭತ್ತದ ಒಕ್ಕಣೆಗೂ ಕಾಗದದ ಒಕ್ಕಣೆಗೂ ಸಂಬಂಧವೇ ಇಲ್ಲ. ಎರಡನೆಯದು ವಕ್ಕಣೆ. ಸಂಸ್ಕೃತದ ವ್ಯಾಖ್ಯಾನ ಪ್ರಾಕೃತದಲ್ಲಿ ವಕ್ಖಾಣ ಆಯಿತು. ಹಳಗನ್ನಡದಲ್ಲಿ ವಕ್ಖಾಣಿಸು ಇದೆ. ಹಿಂದಿಯ ಬಖಾನ್ ಕೂಡ ಅದರ ಮಗುವೇ. ವಕಾರ ಒಕಾರಗಳು ಅದಲುಬದಲಾಗುವುದು ಹೊಸದೇನಲ್ಲ, ಒಕ್ಕಲಿಗ ವಕ್ಕಲಿಗ ಎರಡನ್ನೂ ಬರೆಯುತ್ತೇವೆ. ಅಚ್ಚಗನ್ನಡ ಎಂಬ ಸರ್ಟಿಫಿಕೇಟು ಕೊಡುವ ಮೊದಲು ಸ್ವಲ್ಪ ನೋಡಬೇಕಿತ್ತು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:

ಎಲ್ಲದಕ್ಕೂ ಸಂಸ್ಕೃತದ ತಾಯಿ ಹುಡುಕುವ ರೋಗಕ್ಕೆ ಮದ್ದಿಲ್ಲ.

ಮಹಾಪ್ರಾಣ ಬಿಟ್ಟವ, ಬೆಂಗಳೂರು:

ಒಕ್ಕಣೆ ಸಂಸ್ಕ್ರುತದ್ದು ಎಂದಾದರೆ ಅದೂ ಬೇಡ. ಜಾಹೀರಾತು ಅಂತೂ ಬೇಡವೇ ಬೇಡ, ಅದು ಅರಬ್ಬಿಯ ಜಾಹಿರ್‌ನಿಂದ ಮರಾಟಿ ದಾರಿಯಾಗಿ ಬಂದದ್ದು. ಕನ್ನಡದ್ದೇ ಆದ ಸಾರು ಎಂಬ ಎಸಕಪದ (ನೀವು ಕ್ರಿಯಾಪದ ಎನ್ನುವುದು) ಇದೆ. ಊರಿಗೆಲ್ಲ ಸಾರಿ ಹೇಳು ಎನ್ನುತ್ತೇವೆ. ಅದರಿಂದ ಸಾರುಬರಹ, ಸಾರುಬರಹಗಾರ್ತಿ. ಎಲ್ಲರ ಬಾಯಿಗೂ ಬರುವ ಉಲಿಗಳೇ ಇವೆ.

ಗದ್ದೆ ಬದಿಯವ, ಸೊರಬ:

ಸಾರುಬರಹ ಅಂದರೆ ನಮ್ಮಲ್ಲಿ ಬೇಳೆ ಎಷ್ಟು ಹಾಕಬೇಕು ಅಂತ ಬರೆದ ಚೀಟಿ.

ಹಳೇ ಅಚ್ಚಿನವ, ಸಾಗರ:

ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಬದುಕಿದವನು. ಕಾಪಿ ಎಂದರೆ ನಕಲು ಅಂತಲೇ ಎಲ್ಲರೂ ಹಿಡಿದುಕೊಂಡಿದ್ದೀರಿ. ಲ್ಯಾಟಿನ್‌ನಲ್ಲಿ ಕೋಪಿಯ ಎಂದರೆ ಸಮೃದ್ಧಿ, ಬೇಕಾದಷ್ಟು ಇರುವುದು. ಅಲ್ಲಿಂದ ಪ್ರತಿ ತೆಗೆಯುವ ಅರ್ಥ ಬಂತು. ಮುದ್ರಣಾಲಯಕ್ಕೆ ಬರುವಾಗ ಅದು ಮತ್ತೆ ತಿರುಗಿತು. ಕಂಪೋಸಿಟರ್ ಎದುರಿಗೆ ಇಟ್ಟುಕೊಂಡು ಮೊಳೆ ಜೋಡಿಸುವ ಮೂಲ ಬರಹವೇ ಕಾಪಿ. ಅಂದರೆ ನಮ್ಮಲ್ಲಿ ಕಾಪಿ ನಕಲಲ್ಲ, ಅಸಲು! ಪತ್ರಿಕೆಯ ಆಫೀಸುಗಳಲ್ಲಿ ಈಗಲೂ "ಕಾಪಿ ಬಂತಾ?" ಎನ್ನುತ್ತಾರೆ.

ಆದರೆ ನಮ್ಮ ಪ್ರೆಸ್ಸಿಗೆ ಬಂದ ಗಿರಾಕಿ ಒಬ್ಬನೂ ಕಾಪಿ ಎಂದದ್ದಿಲ್ಲ. ಒಕ್ಕಣೆ ಎಂದವರು ಇದ್ದರು, ಅವರೆಲ್ಲ ಧೋತರದವರು. ಉಳಿದವರೆಲ್ಲ ಹೇಳುತ್ತಿದ್ದದ್ದು ಮ್ಯಾಟರ್. "ಮ್ಯಾಟರ್ ತಂದಿದೀನಿ", "ಮ್ಯಾಟರ್ ನೀವೇ ಹಾಕಿ", "ಮ್ಯಾಟರ್ ಜಾಸ್ತಿಯಾಯ್ತು, ಕಡಿಮೆ ಮಾಡಿ". ನೀವು ಡಿಟಿಪಿಯಲ್ಲಿ ಕೂತವರು, ನಿಮಗೆ ಗೊತ್ತಿರಬೇಕು.

ಹೊಸ ಸದಸ್ಯೆ, ಶಿವಮೊಗ್ಗ:

ಗೊತ್ತು ಸರ್! ದಿನಕ್ಕೆ ಇಪ್ಪತ್ತು ಸಲ ಕೇಳಿದ ಪದ. ಅದನ್ನು ಬೋರ್ಡಿಗೆ ಹಾಕಬಹುದು ಅಂತ ಮಾತ್ರ ತಲೆಗೆ ಹೊಳೆದಿರಲಿಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:

ಪದಚರ್ಚೆಗೆ ಬಂದು ಮ್ಯಾಟರ್ ತಗೊಂಡು ಹೋಗುವುದಾದರೆ ನಾವು ಯಾಕೆ ಇದ್ದೇವೆ?

ಹೊಸನಗರದವಳು, ಈಗ ಬೆಂಗಳೂರು:

ಜಾಹೀರಾತು ಏಜೆನ್ಸಿಯಲ್ಲಿ ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು ನಾನು. ನಮ್ಮ ಆಫೀಸಿನಲ್ಲೂ ಇದಕ್ಕೆ ಕನ್ನಡ ಪದ ಇಲ್ಲ, ಕಾಪಿ ಅಂತಲೇ ಅನ್ನುತ್ತೇವೆ. ಆದರೆ ನಮ್ಮ ಗಿರಾಕಿಗಳು ದೊಡ್ಡ ಕಂಪನಿಯವರು, ಅವರಿಗೆ ಅದು ಗೊತ್ತು. ನಿನ್ನ ಗಿರಾಕಿ ಮಂಡಿಯವರು, ಬೇಕರಿಯವರು, ಹೋಂಸ್ಟೇಯವರು. ತಂಗಿ, ನೀನು ಏನು ಅಂತ ಬೋರ್ಡಿನಲ್ಲಿ ಹೇಳಬೇಡ, ಏನು ಮಾಡಿಕೊಡ್ತೀಯ ಅಂತ ಹೇಳು. ತಾಲ್ಲೂಕು ಆಫೀಸಿನ ಹೊರಗೆ "ಅರ್ಜಿ ಬರೆದುಕೊಡಲಾಗುವುದು" ಅಂತ ಇರುತ್ತದಲ್ಲ, ಅದಕ್ಕಿಂತ ಒಳ್ಳೆ ಕಾಪಿ ನಾನು ಜಾಸ್ತಿ ನೋಡಿಲ್ಲ. "ಅರ್ಜಿಗಾರ" ಅಂತ ಬರೆಸಿದ್ದರೆ ಯಾರು ಹತ್ತಿರ ಹೋಗ್ತಿದ್ದರು?

1904ರಲ್ಲಿ ಶಿಕಾಗೋದ ಲಾರ್ಡ್ ಅಂಡ್ ಥಾಮಸ್ ಏಜೆನ್ಸಿಯಲ್ಲಿ ಜಾನ್ ಕೆನಡಿ ಎಂಬ ಬರಹಗಾರ ಅಲ್ಲಿನ ಅಧಿಕಾರಿ ಆಲ್ಬರ್ಟ್ ಲಾಸ್ಕರ್‌ಗೆ ಈ ಕೆಲಸದ ಅರ್ಥ ಹೇಳಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜಾಹೀರಾತು ಎಂದರೆ ಅಚ್ಚಿನಲ್ಲಿ ಮಾಡುವ ವ್ಯಾಪಾರ. ಅಂಗಡಿಯಲ್ಲಿ ನಿಂತು ಹೇಳುವ ಮಾತನ್ನೇ ಕಾಗದದಲ್ಲಿ ಹೇಳುವುದು. ಅಂಗಡಿಯಲ್ಲಿ ನಿಂತು ಯಾರೂ "ಅತ್ಯುತ್ತಮ ಗುಣಮಟ್ಟದ" ಅನ್ನುವುದಿಲ್ಲ.

ಈಗ ಮಾದರಿ ಏನಿದೆ ನಿನ್ನ ಹತ್ತಿರ? ಗಿರಾಕಿ ಇಲ್ಲದಿದ್ದರೂ ಬರೆದಿಡು. ಗಾಂಧಿ ಬಜಾರಿನ ಮೂರು ಅಂಗಡಿಯ ಹಳೇ ಹ್ಯಾಂಡ್‌ಬಿಲ್ಲು ತಗೋ. ಮೂಲ ಎಡಕ್ಕೆ, ನಿನ್ನದು ಬಲಕ್ಕೆ. ಕೆಳಗೆ "ಅಭ್ಯಾಸಕ್ಕೆ ಬರೆದದ್ದು" ಅಂತ ಹಾಕು, ಅವರೇ ಬರೆಸಿದ್ದು ಅಂತ ಸುಳ್ಳು ಹೇಳಬೇಡ. ದುಡ್ಡಿನ ವಿಷಯ: ಪದಕ್ಕೆ ಇಷ್ಟು ಅಂತ ದರ ಕಟ್ಟಬೇಡ. ನಮ್ಮಲ್ಲಿ ಪದ ಕಡಿಮೆಯಾದಷ್ಟೂ ಕೆಲಸ ಜಾಸ್ತಿ. ಇಡೀ ಕೆಲಸಕ್ಕೆ ಇಷ್ಟು, ಎರಡು ಸಲ ತಿದ್ದುವುದು ಅದರಲ್ಲೇ, ಮೂರನೇ ಸಲಕ್ಕೆ ಬೇರೆ. ಅರ್ಧ ಮುಂಗಡ. ಸಂಬಂಧಿಕರಿಗೂ.

ಹೊಸ ಸದಸ್ಯೆ, ಶಿವಮೊಗ್ಗ:

ಸಂಬಂಧಿಕರಿಂದಲೇ ಶುರು ಅಕ್ಕಾ. ಹೊಸನಗರದ ದೊಡ್ಡಮ್ಮನ ಅಪ್ಪೆಮಿಡಿ ಉಪ್ಪಿನಕಾಯಿಗೆ ಲೇಬಲ್. ನಾನು ಬರೆದದ್ದು: "ಮಲೆನಾಡಿನ ಸಾಂಪ್ರದಾಯಿಕ ಶೈಲಿಯಲ್ಲಿ ಶುಚಿ ರುಚಿಯಾಗಿ ತಯಾರಿಸಿದ ಅತ್ಯುತ್ತಮ ಗುಣಮಟ್ಟದ ಅಪ್ಪೆಮಿಡಿ ಉಪ್ಪಿನಕಾಯಿ." ಈಗ ಓದಿದರೆ ನನಗೇ ನಗು ಬರುತ್ತೆ.

ಹೊಸನಗರದವಳು, ಈಗ ಬೆಂಗಳೂರು:

ಇದನ್ನು ಯಾವ ಬಾಟ್ಲಿಗೆ ಬೇಕಾದರೂ ಅಂಟಿಸಬಹುದು, ನಿಂಬೆಕಾಯಿಗೂ ಸೈ. ದೊಡ್ಡಮ್ಮ ಮಿಡಿ ಆರಿಸುವಾಗ ಪಕ್ಕದಲ್ಲಿ ಕೂತಿದ್ದೀಯಾ? ಏನನ್ನು ಬೇರೆ ತೆಗೆದಿಡುತ್ತಾರೆ?

ಹೊಸ ಸದಸ್ಯೆ, ಶಿವಮೊಗ್ಗ:

ತೊಟ್ಟು ಮುರಿದದ್ದನ್ನು. ಮುರಿದರೆ ಸೊನೆ ಹೋಗುತ್ತೆ, ಸೊನೆ ಹೋದರೆ ಘಮ ಹೋಗುತ್ತೆ ಅಂತಾರೆ. ತೊಟ್ಟಿರುವುದನ್ನು ಮಾತ್ರ ಕಲ್ಲುಪ್ಪಿಗೆ ಹಾಕ್ತಾರೆ. ಅದು ಸುರುಟಿದ ಮೇಲೆ ಖಾರ ಅರೆಯೋದು.

ಹೊಸನಗರದವಳು, ಈಗ ಬೆಂಗಳೂರು:

ಬರೆದಾಯ್ತಲ್ಲ. "ತೊಟ್ಟು ಮುರಿಯದ ಮಿಡಿ. ಸೊನೆಯ ಘಮ ಹಾಗೇ ಇದೆ." ಲೇಬಲ್ ಮೇಲೆ ಆಹಾರದ ಲೈಸೆನ್ಸ್ ಕೊಡುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು, ಪದಾರ್ಥಗಳ ಪಟ್ಟಿ, ತೂಕ, ತಾರೀಕು, ಹಸಿರು ಗುರುತು ಎಲ್ಲ ಕೂತ ಮೇಲೆ ನಿನಗೆ ಉಳಿಯೋದು ಎರಡು ಬೆರಳು ಜಾಗ. ಅಲ್ಲಿಗೆ ಇಷ್ಟು ಸಾಕು.

ಮಹಾಪ್ರಾಣ ಬಿಟ್ಟವ, ಬೆಂಗಳೂರು:

ನೋಡಿ, ಈ ಎರಡು ಸಾಲಿನಲ್ಲಿ ಸಂಸ್ಕ್ರುತ ಇಲ್ಲ, ಅರಬ್ಬಿ ಇಲ್ಲ. ಗಮ ಎಂದು ಬರೆದರೆ ಸರಿಹೋಗುತ್ತದೆ.

ಹಳಗನ್ನಡ ಓದುವವ, ಮೈಸೂರು:

ಗಮ ಎಂದು ಬರೆದರೆ ಗಮ್ ಎಂದು ಓದಿ ಲೇಬಲ್ ನೆಕ್ಕುತ್ತಾರೆ. ಬಿಟ್ಟುಬಿಡಿ. ಅರಬ್ಬಿ ಬೇಡ, ಪಾರ್ಸಿ ಬೇಡ ಎನ್ನುವವರು ಅರ್ಜಿ ಎಲ್ಲಿ ಕೊಡುತ್ತೀರಿ, ಕಾಗದ ಎಲ್ಲಿ ತರುತ್ತೀರಿ, ವಕೀಲರನ್ನು ಏನೆಂದು ಕರೆಯುತ್ತೀರಿ? ಮನೆಯ ಚಾವಿ ಪೋರ್ಚುಗೀಸರದ್ದು. ಬಿಸಾಡಿ, ಆಮೇಲೆ ಬೀಗ ಒಡೆದು ಒಳಗೆ ಹೋಗಿ.

ಮಹಾಪ್ರಾಣ ಬಿಟ್ಟವ, ಬೆಂಗಳೂರು:

ನಾವು ಕೀಲಿ ಎನ್ನುತ್ತೇವೆ.

ಹಳಗನ್ನಡ ಓದುವವ, ಮೈಸೂರು:

ಕೀಲಿಯ ಹಿಂದೆ ಕೀಲ ಇದೆ, ಅದು ಸಂಸ್ಕೃತದ ನಿಘಂಟಿನಲ್ಲಿದೆ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:

ಇಬ್ಬರೂ ಸೇರಿ ಆ ಹುಡುಗಿಯ ಶುಕ್ರವಾರ ಹಾಳು ಮಾಡುತ್ತಿದ್ದೀರಿ. ಹೆಣ್ಣುಮಗಳು ಕೇಳಿದ್ದು ಒಂದು ಪದ. ಒಕ್ಕಣೆ ಕೊಟ್ಟಿದ್ದೇನೆ. ಮೂಲ ಒಕ್ಕು ಆಗಲಿ ವಕ್ಕಣೆ ಆಗಲಿ (ವಕ್ಕಣೆ ಅಲ್ಲ), ಪದಕ್ಕೆ ಏನಾಗಿದೆ?

ಹಳೇ ಅಚ್ಚಿನವ, ಸಾಗರ:

ಏನೂ ಆಗಿಲ್ಲ ಮೇಷ್ಟ್ರೇ. ಮೂವತ್ತು ದಾಟದವರಿಗೆ ಗೊತ್ತಿಲ್ಲ, ಅಷ್ಟೆ.

ಹೊಸ ಸದಸ್ಯೆ, ಶಿವಮೊಗ್ಗ:

ಶುಕ್ರವಾರ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿನಲ್ಲಿ ಮೇಲೆ ದಪ್ಪಕ್ಕೆ "ಮ್ಯಾಟರ್ ಬರೆದುಕೊಡುತ್ತೇವೆ" ಅಂತ ಬರೆಸಿದೆ. ಕೆಳಗೆ ಸಣ್ಣದಾಗಿ "ಹ್ಯಾಂಡ್‌ಬಿಲ್, ಲೇಬಲ್, ಫ್ಲೆಕ್ಸ್, ಆಹ್ವಾನಪತ್ರಿಕೆ". "ಬರೆದುಕೊಡಲಾಗುವುದು" ಹಿಡಿಸಲಿಲ್ಲ. ಬರೆಯುವವರು ಅಕ್ಷರ ಎಣಿಸಿ, "ಲಾಗುವುದು ಬಿಡಿ ಮೇಡಂ, ಅದೇನು ಸರ್ಕಾರಿ ಆಫೀಸಾ" ಅಂದರು. ಅವರೇ ನನಗಿಂತ ಒಳ್ಳೆ ಕಾಪಿರೈಟರ್.

ಮೇಷ್ಟ್ರೇ, ನಿಮಗೆ ಒಂದು ಸುದ್ದಿ. ಬಣ್ಣ ಇನ್ನೂ ಹಸಿ ಇರುವಾಗಲೇ ಪಕ್ಕದ ಬೀದಿಯ ಅಜ್ಜ ಒಬ್ಬರು ಬಂದರು. ಎಪ್ಪತ್ತೈದು ಆಗಿರಬಹುದು. ಮೊಮ್ಮಗಳ ಮದುವೆಯಂತೆ. ಬೋರ್ಡನ್ನು ಪೂರ್ತಿ ಓದಿ, ಕನ್ನಡಕ ತೆಗೆದು, "ಕಾಗದದ ಒಕ್ಕಣೆ ಬರೆದುಕೊಡ್ತೀಯೇನಮ್ಮಾ?" ಅಂದರು. ಅರ್ಧ ಮುಂಗಡ ಇಸ್ಕೊಂಡೆ.

ಮಹಾಪ್ರಾಣ ಬಿಟ್ಟವ, ಬೆಂಗಳೂರು:

ಬೋರ್ಡ್ ಅಲ್ಲ, ಹಲಗೆ.

ಹಳಗನ್ನಡ ಓದುವವ, ಮೈಸೂರು:

ಹಲಗೆ ಫಲಕದ ತದ್ಭವ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:

ಅಲ್ಲ. ಪಲಗೆ ಮೊದಲಿಂದಲೂ ನಮ್ಮದು. ಸಂಸ್ಕೃತದವರೇ ನಮ್ಮಿಂದ ಕಡ ತೆಗೆದುಕೊಂಡದ್ದು. ನಾಳೆ ವಿವರವಾಗಿ ಬರೆಯುತ್ತೇನೆ.